ದೀಪದಡಿಯ ಏಳು ನಿಮಿಷ

ಸೋಮವಾರ ಮಧ್ಯಾಹ್ನ ಯಂತ್ರದ ಪರದೆಯ ಮೇಲೆ ಗೆರೆ ಮತ್ತೆ ಮೆಟ್ಟಿಲು ಕಟ್ಟಿತು. ಇದು ಐದನೆಯ ಸಲ. ಪುಟ್ಟಿ ಕುರ್ಚಿಯನ್ನು ಹಿಂದಕ್ಕೆ ನೂಕಿ ಎದ್ದು, "ನಿನ್ನ ಮನೆ ಹಾಳಾಗ" ಎಂದು ಯಂತ್ರಕ್ಕೆ ಶಾಪ ಹಾಕಿದಳು. ಯಂತ್ರ ತುಟಿಪಿಟಕ್ಕೆನ್ನದೆ ತಣ್ಣಗಾಗತೊಡಗಿತು. ಅದಕ್ಕೇನು, ಬಿಸಿಯಾಗುವುದು, ತಣ್ಣಗಾಗುವುದು, ಇರುವುದೇ ಎರಡು ಕೆಲಸ. ಪಿಎಚ್‌ಡಿ ಪ್ರಬಂಧ ಬರೆದು ಮುಗಿಸುವ ಕರ್ಮ ಅದಕ್ಕಿಲ್ಲ.

ಪುಟ್ಟಿ ಎನ್ನುವುದು ಮನೆಯವರು ಕರೆಯುವ ಹೆಸರು. ವಯಸ್ಸು ಮೂವತ್ತಕ್ಕೆ ಒಂದು ಕಡಿಮೆ, ಮೂಗಿನ ಮೇಲೆ ದಪ್ಪ ಕನ್ನಡಕ, ಎಡ ಮುಂಗೈ ಮೇಲೆ ಬಿಸಿನೀರು ಬಿದ್ದ ಕಲೆ, ಇಷ್ಟೆಲ್ಲ ಇದ್ದರೂ ಪುಟ್ಟಿಯೇ. ಒಂದು ದಿನ ಅವಳ ಅಕ್ಕ ಪ್ರಯೋಗಾಲಯಕ್ಕೆ ಫೋನು ಮಾಡಿ "ಪುಟ್ಟಿ ಇದ್ದಾಳಾ?" ಎಂದು ಕೇಳಿದ್ದೇ ಸಾಕಾಯಿತು, ಅಲ್ಲಿಯೂ ಅದೇ ಅಂಟಿಕೊಂಡಿತು. ಆರು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಹೇಳಲಿಕ್ಕೆ ಸುಲಭ: ಡಿಎನ್‌ಎಯನ್ನು ಬಿಸಿ ಮಾಡಿ, ಅದು ಎಷ್ಟು ಬಿಸಿಗೆ ಕರಗುತ್ತದೆ ಎಂದು ನೋಡುವುದು. ಕರಗುವುದೆಂದರೆ ಬೆಣ್ಣೆ ಕರಗಿದಂತಲ್ಲ. ಡಿಎನ್‌ಎ ಅಂದರೆ ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ. ಬಿಸಿ ಏರಿದಂತೆ ಎಳೆಗಳು ಒಂದನ್ನೊಂದು ಬಿಡುತ್ತವೆ, ಬಿಟ್ಟಾಗ ದ್ರಾವಣ ಸ್ವಲ್ಪ ಹೆಚ್ಚು ಬೆಳಕು ಹೀರುತ್ತದೆ, ಯಂತ್ರ ಅದನ್ನು ಗೆರೆಯಾಗಿ ಬರೆಯುತ್ತದೆ. ಗೆರೆ ಎಲ್ಲಿ ಮೇಲಕ್ಕೆದ್ದಿತೋ ಅಲ್ಲಿ ಕರಗಿತು ಎಂದು ಅರ್ಥ.

ಇದರಲ್ಲಿ ಆಕಾರದ ಆಟ ದೊಡ್ಡದು. ಅವಳು ಬಳಸುತ್ತಿದ್ದ ಉಪ್ಪು ಕಡಿಮೆಯ ನೀರಿನಲ್ಲಿ, ಎರಡೂ ತುದಿ ಬಿಚ್ಚಿಕೊಂಡ ನೇರ ಡಿಎನ್‌ಎ ಅರವತ್ತೆಂಟು ಡಿಗ್ರಿಗೆ ಕರಗಿ ಕೈಚೆಲ್ಲುತ್ತಿತ್ತು. ಅದೇ ಡಿಎನ್‌ಎ ತುದಿಗೆ ತುದಿ ಬೆಸೆದುಕೊಂಡು ಉಂಗುರವಾಗಿದ್ದರೆ, ತೊಂಬತ್ತರ ಹತ್ತಿರ ಬರುವವರೆಗೆ ಜಪ್ಪಯ್ಯ ಎಂದರೂ ಬಿಡಬಾರದು. ಪುಸ್ತಕ ಹೇಳುವುದೂ ಇದನ್ನೇ. ಆದರೆ ಅವಳ ಮೇಷ್ಟ್ರ ಉಂಗುರ ಪುಸ್ತಕದ ಮಾತು ಕೇಳುವುದಲ್ಲ. ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರು ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕೆಸರಿನ ಒಂದು ಬ್ಯಾಕ್ಟೀರಿಯಾದೊಳಗಿಂದ ಈ ಸಣ್ಣ ಉಂಗುರವನ್ನು ಹೊರತೆಗೆದಿದ್ದರು. ಅದರ ಗೆರೆ ಅರವತ್ತೆಂಟಕ್ಕೆ ಅರ್ಧ ಏರಿ, ಅಲ್ಲಿ ಸುಧಾರಿಸಿಕೊಂಡು, ತೊಂಬತ್ತಕ್ಕೆ ಇನ್ನರ್ಧ ಏರುತ್ತದೆ. ಥೇಟ್ ಮೆಟ್ಟಿಲು. ಈ ಉಂಗುರದ ಅರ್ಧ ಭಾಗ ಮೆದು, ಅರ್ಧ ಭಾಗ ಗಟ್ಟಿ ಎಂದು ಮೇಷ್ಟ್ರು ಸಾರಿದರು. ಹನ್ನೊಂದು ಲೇಖನ ಬಂದವು, ಈ ಪ್ರಯೋಗಾಲಯ ಬಂತು, ಬೆನ್ನ ಹಿಂದೆ 'ಮೆಟ್ಟಿಲು ಮೇಷ್ಟ್ರು' ಎಂಬ ಬಿರುದೂ ಬಂತು.

ಹಾಗಾದರೆ ಮೆಟ್ಟಿಲು ಬಂದದ್ದಕ್ಕೆ ಪುಟ್ಟಿ ಕುಣಿದಾಡಬೇಕಿತ್ತಲ್ಲ? ತಕರಾರು ಇದ್ದದ್ದೇ ಅಲ್ಲಿ. ಹೋದ ತಿಂಗಳು ಹನ್ನೊಂದನೇ ತಾರೀಖು, ಒಂದೇ ಒಂದು ಸಲ, ಗೆರೆ ಮೆಟ್ಟಿಲು ಕಟ್ಟದೆ ತೊಂಬತ್ತರವರೆಗೆ ಚಪ್ಪಟೆಯಾಗಿ ನಡೆದು, ಅಲ್ಲಿ ನೆಟ್ಟಗೆ ಎದ್ದು ನಿಂತಿತ್ತು. ಮೆದುವೂ ಇಲ್ಲ, ಅರ್ಧವೂ ಇಲ್ಲ. ಪುಟ್ಟಿ ಅದನ್ನು ನೋಡುತ್ತ ಹತ್ತು ನಿಮಿಷ ಕಣ್ಣು ಮಿಟುಕಿಸಿರಲಿಲ್ಲ. ಅಷ್ಟು ಚಂದದ ಗೆರೆಯನ್ನು ಆರು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಉತ್ಸಾಹ ತಡೆಯಲಾರದೆ ಅದನ್ನು ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಹಾಕಿ, ಮೇಷ್ಟ್ರ ಕೈಗೆ ಕೊಟ್ಟಿದ್ದಳು. ಅದರ ನಂತರ ಶುರುವಾದದ್ದೇ ಈ ಪಾಡು.

ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ಮೇಷ್ಟ್ರು ಬಂದು ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದರು.

"ಬಂತಲ್ಲ," ಎಂದರು. ಸಂತೋಷವನ್ನು ಮರೆಮಾಚುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಬಂತು ಸರ್. ಆದ್ರೆ ಹನ್ನೊಂದನೇ ತಾರೀಖಿಂದು—"

"ಒಂದು ಸಲ ಬಂದಿದ್ದು ಬಂದ ಹಾಗಲ್ಲಮ್ಮ. ಅವತ್ತು ಏನೋ ಎಡವಟ್ಟಾಗಿದೆ. ಡಬ್ಬಿ ಅದಲು ಬದಲಾಗಿರ್ಬೇಕು. ಇಲ್ಲಾ..." ಅಷ್ಟಕ್ಕೇ ನಿಲ್ಲಿಸಿದರು.

ಆ 'ಇಲ್ಲಾ' ಎಲ್ಲಿಗೆ ಹೋಗುತ್ತದೆ ಎಂದು ಪುಟ್ಟಿಗೆ ಗೊತ್ತಿತ್ತು. ಇಲ್ಲಾ ನೀನೇ ಗೆರೆ ತಿದ್ದಿದೀಯ, ಅಂತ. ಅವಳ ಕಿವಿ ಬಿಸಿಯಾಯಿತು.

"ಶನಿವಾರದ ತನಕ ಟೈಮ್ ಕೊಡ್ತೀನಿ. ಮೂರು ಸಲ ಅದೇ ಗೆರೆ ತೋರ್ಸು, ಅಧ್ಯಾಯ ಇರ್ಲಿ. ಇಲ್ದಿದ್ರೆ ಆ ಅಧ್ಯಾಯ ತೆಗೆದು, ಹನ್ನೊಂದರ ಫಲಿತಾಂಶ ನಂಬೋಕೆ ಯೋಗ್ಯ ಅಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕು. ಪರೀಕ್ಷಕರಿಗೆ ಅದನ್ನೂ ಕಳಿಸ್ಬೇಕಾಗುತ್ತೆ."

ನಂಬೋಕೆ ಯೋಗ್ಯ ಅಲ್ಲ. ಗೆರೆಯ ಬಗ್ಗೆ ಬರೆದ ಮಾತು ಗೆರೆಯ ಮೇಲೇ ನಿಲ್ಲುವುದಿಲ್ಲ, ಬರೆದವಳ ಹಣೆಗೆ ಅಂಟುತ್ತದೆ. ನಾಳೆ ಎಲ್ಲಿಯಾದರೂ ಕೆಲಸ ಕೇಳಿಕೊಂಡು ಹೋದರೆ, ಓಹೋ ಅವಳಾ, ಎಂದು ಹುಬ್ಬು ಹಾರಿಸುತ್ತಾರೆ. ಪುಟ್ಟಿ "ಆಯ್ತು ಸರ್" ಎಂದಳು.

ಮಂಗಳವಾರ ಆರನೆಯ ಸಲಕ್ಕೆ ಕೂತಳು. ಕೆಲಸದ ಕ್ರಮ ಅವಳಿಗೆ ಕಣ್ಣುಮುಚ್ಚಿದರೂ ಬರುತ್ತಿತ್ತು. ಹೊಳೆಯುವ ಬಣ್ಣ ಬೆರೆಸಿದ ಜೆಲ್ ಎಂಬ ಮೆತ್ತನೆಯ ಬಿಲ್ಲೆಯಲ್ಲಿ ಡಿಎನ್‌ಎ ತುಂಬಿ ಕರೆಂಟು ಹರಿಸಿದರೆ, ಬಿಗಿಯಾಗಿ ಸುತ್ತಿಕೊಂಡ ಉಂಗುರ ಎಲ್ಲಕ್ಕಿಂತ ಮುಂದೆ ಓಡುತ್ತದೆ, ನೇರವಾದದ್ದು ನಡುವೆ, ಒಡೆದ ಉಂಗುರ ಸೋಮಾರಿಯ ಹಾಗೆ ಹಿಂದೆ. ಮುಂದೆ ಓಡಿದ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಬಣ್ಣ ತೊಳೆದು, ಯಂತ್ರಕ್ಕೆ ಕೊಡಬೇಕು. ಆದರೆ ಡಿಎನ್‌ಎ ಬರಿಗಣ್ಣಿಗೆ ಕಾಣುವುದಿಲ್ಲ, ಕಾಣಬೇಕಾದರೆ ಯುವಿ ದೀಪ ಬೇಕು. ಕತ್ತಲ ಮೂಲೆಯಲ್ಲಿ ಆ ದೀಪ ಹಾಕಿದರೆ ಪಟ್ಟಿಗಳು ಕೆಂಡದ ಬಣ್ಣದಲ್ಲಿ ಬೆಳಗುತ್ತವೆ. ಮೇಲೆ ಗೋಡೆಗೆ ಮೇಷ್ಟ್ರ ಕೈಬರಹದ ಹಾಳೆ: "ಈ ಬೆಳಕು ಚರ್ಮ ಸುಡುತ್ತದೆ, ಕಣ್ಣು ಕೆಡಿಸುತ್ತದೆ. ಮುಖವಾಡ ಕಡ್ಡಾಯ."

ಮೇಷ್ಟ್ರ ಜನ್ಮದ ನಿಯಮ ಒಂದೇ: ಕಣ್ಣಾರೆ ನೋಡದ್ದನ್ನು ಅಳೆಯಬಾರದು. ಆ ನಿಯಮಕ್ಕೆಂದೇ ದಿನಚರಿ ಪುಸ್ತಕದ ಪ್ರತಿ ಪುಟದಲ್ಲೂ ಎರಡು ಖಾನೆ ಅಚ್ಚು ಹಾಕಿಸಿದ್ದರು. 'ದೀಪದಡಿ ನೋಡಿದಿರಾ? ಎಷ್ಟು ನಿಮಿಷ?' ಎರಡು ನಿಮಿಷ ಎಂದು ಬರೆದರೆ, ಇಷ್ಟು ಅವಸರ ಯಾಕಮ್ಮ, ರೈಲು ಹಿಡೀಬೇಕಾ, ಎಂದು ಕೇಳುವರು.

ಆವತ್ತಂತೂ ತಾವೇ ಮುಖವಾಡ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತರು. "ತಾಳು ತಾಳು, ಕತ್ತರಿಸ್ಬೇಡ. ನೋಡೋಣ. ಅಂಚು ಸರಿಯಾಗಿದೆಯಾ? ಆಚೆ ಬದಿ ತೋರ್ಸು. ಸ್ವಲ್ಪ ಎಡಕ್ಕೆ." ಪುಟ್ಟಿ ಬ್ಲೇಡು ಹಿಡಿದುಕೊಂಡು ಕಾದಳು. ಮುಖವಾಡದೊಳಗೆ ಕನ್ನಡಕಕ್ಕೆ ಹಬೆ ಕಟ್ಟಿತು. ಮೇಷ್ಟ್ರು ಅಂಚನ್ನು ನೋಡಿದರು, ಅಂಚಿನ ಅಂಚನ್ನು ನೋಡಿದರು, ಒಮ್ಮೆ ಅಂಗಿಯ ಜೇಬು ತಡಕಿ ಬೇರೆ ಕನ್ನಡಕ ತೆಗೆದು ಮತ್ತೆ ಮೊದಲಿಂದ ನೋಡಿದರು. ಕೊನೆಗೆ "ಹ್ಞೂಂ, ಈಗ ಕತ್ತರಿಸು" ಎನ್ನುವಾಗ ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಕಳೆದಿತ್ತು.

"ಸರ್, ಈ ದೀಪದಿಂದ ಡಿಎನ್‌ಎಗೆ ಏನೂ ಆಗಲ್ವಾ?" ಎಂದು ಪುಟ್ಟಿ ಕೇಳಿದಳು. ಮೊದಲ ವರ್ಷವೂ ಕೇಳಿದ್ದಳು, ಆಗ ಸಿಕ್ಕ ಉತ್ತರವೇ ಈಗಲೂ ಸಿಕ್ಕಿತು.

"ಇದು ಸೌಮ್ಯವಾದ ದೀಪ ಕಣಮ್ಮ. ನಾನೇ ಪರೀಕ್ಷೆ ಮಾಡಿದೀನಿ. ಹತ್ತು ನಿಮಿಷ ಇಟ್ಟು ಕರಗಿಸಿದೆ, ಅರವತ್ತೆಂಟಂದ್ರೆ ಅರವತ್ತೆಂಟೇ. ಒಂದು ಡಿಗ್ರಿ ಆಚೆ ಈಚೆ ಇಲ್ಲ. ನಿನ್ನ ಕೈ ಸ್ವಲ್ಪ ಒರಟು, ಅದನ್ನ ನೋಡ್ಕೋ."

ಒರಟು ಕೈ! ಹಾಲುಗೂಸಿಗೆ ಔಷಧಿ ಕುಡಿಸುವಷ್ಟು ಮೆಲ್ಲಗೆ ಹನಿ ಹನಿಯಾಗಿ ಹೀರಿ ತೆಗೆಯುವ ಕೈ ಅವಳದು. ಪುಟ್ಟಿ ಹಲ್ಲು ಕಚ್ಚಿಕೊಂಡು ಪುಸ್ತಕದ ಖಾನೆಯಲ್ಲಿ 'ಹೌದು, ಒಂಬತ್ತು' ಎಂದು ಬರೆದಳು.

ಸಂಜೆ ಮನೆಗೆ ಬಂದಾಗ ಅವಳ ಮುಖ ನೋಡಿಯೇ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. ಪುಟ್ಟಿ ಇದ್ದದ್ದು ಅಕ್ಕನ ಮನೆಯಲ್ಲೇ. ಮುಂದಿನ ಕೋಣೆ ಅಕ್ಕನ ಹೊಲಿಗೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಬಸ್ಸು ಓಡಿಸುವ ಭಾವ ಆಗಷ್ಟೇ ಪಾಳಿ ಮುಗಿಸಿ ಬಂದು ಬಟ್ಟೆ ತುಂಡುಗಳ ನಡುವೆ ಕಾಲು ಚಾಚಿದ್ದರು.

"ಇವತ್ತೂ ಕರಗ್ಲಿಲ್ವಾ?" ಎಂದರು ಭಾವ.

"ಕರಗ್ತು ಭಾವ. ಅದೇ ಗೋಳು. ಕರಗ್ಬಾರ್ದಾಗಿತ್ತು."

"ಇದೊಳ್ಳೆ ಕೆಲಸ. ಕರಗಿದ್ರೂ ತಪ್ಪು, ಕರಗ್ದಿದ್ರೂ ತಪ್ಪು. ಉಂಗುರ ಆದ್ರೆ ಯಾಕೆ ಕರಗ್ಬಾರ್ದು? ನನಗೆ ಇದರ ತಲೆಬುಡ ಅರ್ಥ ಆಗಿಲ್ಲ ನೋಡು."

ಪುಟ್ಟಿ ಅಕ್ಕನ ಡಬ್ಬಿಯಿಂದ ಕೆಂಪು ದಾರ, ಬಿಳಿ ದಾರ ಒಂದೊಂದು ಮೊಳ ಎಳೆದು ಹೊಸೆದಳು. "ಇದು ನೇರವಾಗಿರೋದು. ನೀವು ಆ ತುದಿ ಹಿಡ್ಕೊಳ್ಳಿ, ಬಿಡಿಸಿ." ಭಾವ ತುದಿಯಿಂದ ಬಿಡಿಸಿದರು, ದಾರ ಸರಸರ ತಿರುಗುತ್ತ ಎರಡಾಯಿತು. ಅವಳು ಮತ್ತೆ ಹೊಸೆದು, ಈಗ ಕೆಂಪಿನ ತುದಿಗೆ ಕೆಂಪು, ಬಿಳಿಯ ತುದಿಗೆ ಬಿಳಿ ಗಂಟು ಹಾಕಿ ಬಳೆಯ ಹಾಗೆ ಮಾಡಿದಳು. "ಈಗ ಬಿಡಿಸಿ." ಭಾವ ಈ ಕಡೆ ಬಿಡಿಸಿದರೆ ಆ ಕಡೆ ಹುರಿ ಬಿಗಿಯಿತು, ಆ ಕಡೆ ಬಿಡಿಸಿದರೆ ಈ ಕಡೆ. ಐದು ನಿಮಿಷ ಗುದ್ದಾಡಿ, "ಇದು ಸಾಯೋತನಕ ಬಿಡಲ್ಲ" ಎಂದರು.

"ಬಿಡೋಕೆ ತುದಿ ಬೇಕು ಭಾವ. ಉಂಗುರಕ್ಕೆ ತುದಿ ಇಲ್ಲ. ಅದಕ್ಕೇ ಅಷ್ಟು ಬಿಸಿ ಬೇಕು."

"ದಾರ ಏನು ಬಿಟ್ಟಿ ಬರುತ್ತಾ?" ಎಂದು ಅಕ್ಕ ಅದನ್ನು ಕಸಿದುಕೊಂಡು, ಕೆಂಪು ಎಳೆಯೊಂದನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿ, ಸುತ್ತು ಬಿಡಿಸಿ ಎರಡೂ ದಾರವನ್ನು ಡಬ್ಬಿಗೆ ಹಾಕಿದಳು. "ನೀನೂ ಅಷ್ಟೇ ಪುಟ್ಟಿ, ಸುಮ್ನೆ ಸುತ್ತಿಕೊಂಡು ಒದ್ದಾಡ್ತಿದೀಯ. ಅವರು ಹೇಳಿದ ಹಾಗೆ ಒಂದು ಸಾಲು ಬರೆದು ಬಿಸಾಕು. ಆರು ವರ್ಷ ಆಯ್ತು."

"ಆ ಸಾಲು ಬರೆದ್ರೆ ನಾನು ಕಳ್ಳಿ ಅಂತ ನಾನೇ ಬರ್ಕೊಟ್ಟ ಹಾಗೆ ಅಕ್ಕ."

ಅಕ್ಕ ಮೂಗು ಮುರಿದು ಮತ್ತೆ ಪೆಡಲು ತುಳಿದಳು. ಪುಟ್ಟಿಗೆ ಅವಳ ಮೇಲೂ ಸಿಟ್ಟು ಬಂತು. ಆ ವಾರ ಅವಳಿಗೆ ಸಿಟ್ಟು ಬರದ ವಸ್ತು ಭೂಮಿಯ ಮೇಲೆ ಇರಲಿಲ್ಲ.

ಬುಧವಾರ ಆರನೆಯ ಗೆರೆ ಬಂತು. ಮೆಟ್ಟಿಲು. ಹಿಂದಿನದಕ್ಕಿಂತ ದೊಡ್ಡದು. ಅರವತ್ತೆಂಟಕ್ಕೇ ಮುಕ್ಕಾಲು ಏರಿ ಕೂತಿತ್ತು. ಮೇಷ್ಟ್ರು ಅದನ್ನು ನೋಡಿ, "ನಿನಗೆ ಪಟ್ಟಿ ಸರಿಯಾಗಿ ಕಾಣ್ತಾ ಇಲ್ಲ ಅನ್ಸುತ್ತೆ. ಸ್ಟೋರ್ಸಿಗೆ ಹೋಗಿ ಇನ್ನೂ ಪ್ರಖರವಾದ ಬಲ್ಬ್ ತಗೊಂಡು ಬಾ. ಚೆನ್ನಾಗಿ ನೋಡಿ ಕತ್ತರಿಸು" ಎಂದು ಅಪ್ಪಣೆ ಕೊಡಿಸಿದರು.

ಸ್ಟೋರ್ಸಿನ ಗುಮಾಸ್ತ ಎಂದರೆ, ಕೇಳಿದ್ದನ್ನು ಕೊಡದೆ ಇರುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಮನುಷ್ಯ. ಕಬ್ಬಿಣದ ಜಾಲರಿಯ ಹಿಂದೆ ಕೂತು ಅವಳ ಚೀಟಿಯನ್ನು ಎರಡು ಸಲ ಓದಿದ.

"ಕೊಡಕ್ಕಾಗಲ್ಲ ಮೇಡಂ."

"ಯಾಕೆ?"

"ಯುವಿ ಬಲ್ಬ್ ಆರು ತಿಂಗಳಿಗೆ ಒಂದು. ನಿಮ್ಗೆ ಈಗ್ತಾನೆ ಕೊಟ್ಟಿದೀನಿ."

"ಈಗ್ತಾನೆ ಅಂದ್ರೆ? ನಾನು ಯಾವಾಗ್ರೀ ತಗೊಂಡೆ?"

"ನಾನೇನು ಸುಳ್ಳು ಹೇಳ್ತೀನಾ?" ಗುಮಾಸ್ತನಿಗೆ ರೇಗಿತು. ದಪ್ಪ ಪುಸ್ತಕ ಎಳೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, ಜಾಲರಿಗೆ ಒತ್ತಿ ಹಿಡಿದ. "ಓದ್ಕೊಳ್ಳಿ. ಹೋದ ತಿಂಗಳು ಹನ್ನೆರಡು. ಬೆಳಗ್ಗೆ. ಸುಟ್ಟ ಬಲ್ಬ್ ವಾಪಸ್, ಹೊಸದು ಒಂದು. ಸಹಿ ಯಾರದ್ದು?"

ಸಹಿ ಅವಳದ್ದೇ. ಹನ್ನೆರಡನೇ ತಾರೀಖು ಬೆಳಗ್ಗೆ ಹೊಸ ಬಲ್ಬ್ ತೆಗೆದುಕೊಂಡಿದ್ದಾಳೆ ಎಂದರೆ, ಹನ್ನೊಂದರಂದು ಬಲ್ಬ್ ಸುಟ್ಟಿತ್ತು.

ಪುಟ್ಟಿ ಮರೆತಿದ್ದಳು ಎಂದಲ್ಲ, ನೆನಪಿಗೆ ಬಾರದಂತೆ ಬದಿಗೆ ಸರಿಸಿದ್ದಳು. ಆ ದಿನ ಮೇಷ್ಟ್ರು ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ಹೋಗಿದ್ದರು. ಮಧ್ಯಾಹ್ನ ದೀಪ ಹಾಕಿದರೆ ಹತ್ತಲಿಲ್ಲ. ಸ್ಟೋರ್ಸು ಮುಚ್ಚಿತ್ತು. ಆ ವಾರ ಯಂತ್ರದ ಸರದಿ ಅವಳಿಗೆ ಇದ್ದದ್ದು ಆವತ್ತೊಂದೇ ದಿನ, ಬಿಟ್ಟರೆ ಮತ್ತೆ ಒಂದು ವಾರ ಕಾಯಬೇಕಿತ್ತು. ಜೆಲ್ಲಿನಲ್ಲಿ ಡಿಎನ್‌ಎ ಜೊತೆ ಓಡುವ ನೀಲಿ ಗೆರೆ ಬರಿಗಣ್ಣಿಗೂ ಕಾಣುತ್ತದೆ. ಉಂಗುರದ ಪಟ್ಟಿ ಅದರಿಂದ ಒಂದೂವರೆ ಬೆರಳು ಹಿಂದೆ ಇರುತ್ತದೆ ಎಂದು ಆರು ವರ್ಷದ ಅಭ್ಯಾಸದಿಂದ ಗೊತ್ತಿತ್ತು. ಸ್ಕೇಲಿಟ್ಟು ಅಳೆದು, ಕತ್ತಲಲ್ಲೇ ಕತ್ತರಿಸಿದಳು. ಪುಸ್ತಕ ತೆರೆದಾಗ ಎರಡು ಖಾನೆ ಬಾಯಿ ಬಿಟ್ಟುಕೊಂಡು ಕೂತಿದ್ದವು. ಇಲ್ಲ ಎಂದು ಬರೆದರೆ ಮೇಷ್ಟ್ರು ಇಡೀ ಪ್ರಯೋಗವನ್ನೇ ಹೊಡೆದುಹಾಕುತ್ತಾರೆ. ಅವಳು ಎಂದಿನಂತೆ ಬರೆದಳು: 'ಹೌದು. ಏಳು.'

"ಮೇಡಂ, ಚೀಟಿ ಹರೀಲಾ, ವಾಪಸ್ ಕೊಡ್ಲಾ?" ಎಂದ ಗುಮಾಸ್ತ.

"ಹರೀರಿ," ಎಂದಳು ಪುಟ್ಟಿ. ಬಲ್ಬ್ ಬೇಕಿಲ್ಲ ಎಂದು ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ಮೆಟ್ಟಿಲು ಹತ್ತುವಾಗ ಎಲ್ಲ ಒಂದೊಂದಾಗಿ ಜೋಡಿಸಿಕೊಂಡಿತು. ನೋಡದೆ ಕತ್ತರಿಸಿದ ದಿನ ಉಂಗುರ ಇಡಿಯಾಗಿತ್ತು. ಏಳು ನಿಮಿಷ ನೋಡಿದರೆ ಅರ್ಧ ಹಾಳು, ಒಂಬತ್ತು ನಿಮಿಷ ನೋಡಿದರೆ ಮುಕ್ಕಾಲು ಹಾಳು. ನಮ್ಮ ಮುಖಕ್ಕೆ ಮುಖವಾಡ ಹಾಕಿಕೊಂಡೆವು, ಪಾಪದ ಉಂಗುರವನ್ನು ಬೆತ್ತಲೆಯಾಗಿ ಅದೇ ಬೆಳಕಿಗೆ ಒಡ್ಡಿದೆವು! ಹಾಗಾದರೆ ಮೇಷ್ಟ್ರ ಪರೀಕ್ಷೆ? ಅವರು ದೀಪವನ್ನು ಪರೀಕ್ಷಿಸಿದ್ದು ಅರವತ್ತೆಂಟಕ್ಕೆ ಕರಗುವುದರ ಮೇಲೆ, ಅಂದರೆ ನೇರ ಡಿಎನ್‌ಎ ಮೇಲೆ. ಮೊದಲೇ ಎರಡು ತುದಿ ಬಿಚ್ಚಿಕೊಂಡಿರುವುದಕ್ಕೆ ಇನ್ನೊಂದು ಸಣ್ಣ ಕಡಿತ ಬಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಉಂಗುರಕ್ಕೆ ಹಾಗಲ್ಲ. ಒಂದು ಎಳೆಯಲ್ಲಿ ಒಂದೇ ಒಂದು ಕಡಿತ ಬಿದ್ದರೂ ಸಾಕು, ತುದಿ ಸಿಕ್ಕಿತು, ಸುತ್ತು ಬಿಚ್ಚಿತು, ಅದೂ ಅರವತ್ತೆಂಟಕ್ಕೆ ಕರಗುವ ಗುಂಪಿಗೆ ಸೇರಿತು. ಮೆಟ್ಟಿಲಿನ ಕೆಳಗಿನ ಅರ್ಧ ಮೆದು ಭಾಗವೂ ಅಲ್ಲ, ಮಣ್ಣೂ ಅಲ್ಲ. ಅವು ನಾವು ನೋಡಿ ನೋಡಿ ಒಡೆದ ಉಂಗುರಗಳು. ಪುಟ್ಟಿ ಮೂರನೆಯ ಮಹಡಿಯ ತಿರುವಿನಲ್ಲಿ ನಿಂತು ಹಣೆ ಚಚ್ಚಿಕೊಂಡಳು.

ಗುರುವಾರ ಯಾರಿಗೂ ಹೇಳದೆ ಕೆಲಸಕ್ಕಿಳಿದಳು. ಕೋಣೆಯ ಪರದೆ ಎಳೆದಳು, ಜೆಲ್ಲಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿದಳು, ನೀಲಿ ಗೆರೆಯಿಂದ ಒಂದೂವರೆ ಬೆರಳು ಹಿಂದಕ್ಕೆ ಸ್ಕೇಲಿಟ್ಟು ಕುರುಡಾಗಿ ಕತ್ತರಿಸಿದಳು. ತೆಗೆದದ್ದನ್ನು ನಾಲ್ಕು ಪಾಲು ಮಾಡಿದಳು. ಮೂರು ಪಾಲನ್ನು ಹಾಳೆಯಲ್ಲಿ ಸುತ್ತಿಟ್ಟು, ನಾಲ್ಕನೆಯದನ್ನು ಬೇಕೆಂದೇ ದೀಪದಡಿ ಏಳು ನಿಮಿಷ ಇಟ್ಟಳು. ನಂತರ ನಾಲ್ಕರ ಬಣ್ಣವನ್ನೂ ತೊಳೆದಳು. ಯಂತ್ರದಲ್ಲಿ ಒಂದೊಂದಕ್ಕೆ ಒಂದೂವರೆ ಗಂಟೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಮುಗಿದವು. ಸುತ್ತಿಟ್ಟ ಮೂರೂ ತೊಂಬತ್ತರವರೆಗೆ ಅಲುಗಾಡದೆ, ಅಲ್ಲಿ ನೆಟ್ಟಗೆ ಎದ್ದವು. ದೀಪ ಕಂಡದ್ದು ಮೆಟ್ಟಿಲು ಕಟ್ಟಿತು. ಕೂಗಬೇಕು ಎನ್ನಿಸಿತು, ಆದರೆ ಕೂಗಿದರೆ ಮೇಷ್ಟ್ರು ಬರುತ್ತಾರೆ ಎಂದು ಬಾಯಿ ಮುಚ್ಚಿಕೊಂಡಳು.

ಸಂಜೆ ಅಕ್ಕನ ಮುಂದೆ ಎಲ್ಲವನ್ನೂ ಹೇಳಿದಳು, ಬಲ್ಬಿನದನ್ನೂ, ಏಳು ನಿಮಿಷದ್ದನ್ನೂ. ಅಕ್ಕ ಗುಂಡಿ ಹೊಲಿಯುತ್ತ ಕೇಳಿದಳು.

"ಮೂರು ಸಲ ತೋರ್ಸು ಅಂದ್ರು, ಮೂರು ಸಲ ತೋರಿಸ್ತೀಯ. ಮುಗೀತಲ್ಲ. ಹಳೇ ಸುಳ್ಳನ್ನ ಯಾಕೆ ಅಗೆದು ತೆಗೀತೀಯ?"

"ಅವರು ಸುಳ್ಳು ಬರೆದ್ರೆ ಅವತ್ತೇ ಹೊರಗೆ ಹಾಕ್ತಾರೆ ಅಕ್ಕ. ಒಬ್ಬನ್ನ ಹಾಕಿದ್ದು ನಾನೇ ನೋಡಿದೀನಿ."

"ಅದಕ್ಕೇ ಹೇಳ್ತಿರೋದು. ಬಾಯಿಗೆ ಬೀಗ ಹಾಕ್ಕೊಂಡು ಇರು." ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. ಪುಟ್ಟಿಗೂ ಅದೇ ಸರಿ ಎನಿಸಿತು. ಆರು ವರ್ಷ ಅವರ ಬೈಗುಳ ತಿಂದಿದ್ದಾಳೆ, ಒಂದು ಮಾತು ನುಂಗಿದರೆ ತಪ್ಪೇನು?

ಶನಿವಾರ ಬೆಳಗ್ಗೆ ಮೇಷ್ಟ್ರ ಮೇಜಿನ ಮೇಲೆ ನಾಲ್ಕು ಹಾಳೆ ಹರಡಿದಳು. ಏನು ಮಾಡಿದೆ ಎಂದು ಹೇಳಿದಳು. ದೀಪ ಉಂಗುರವನ್ನು ಒಡೆಯುತ್ತಿದೆ ಎಂದೂ ಹೇಳಿದಳು. ಮೇಷ್ಟ್ರು ಮೊದಲ ಮೂರನ್ನು ಬೆಳಕಿಗೆ ಹಿಡಿದು ನೋಡಿದರು. ನಾಲ್ಕನೆಯದನ್ನು ಮುಟ್ಟಲಿಲ್ಲ.

"ನೋಡ್ದೇ ಕತ್ತರಿಸಿದೀಯ."

"ಹೌದು ಸರ್."

"ದೀಪದಿಂದ ಏನೂ ಆಗಲ್ಲ. ನಾನು ಪರೀಕ್ಷೆ ಮಾಡಿದೀನಿ."

"ಯಾವುದರ ಮೇಲೆ ಸರ್?"

"ನೇರದ್ದರ..." ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಅವಳು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವರ ಕೈ ದಿನಚರಿ ಪುಸ್ತಕಕ್ಕೆ ಹೋಯಿತು. ಹನ್ನೊಂದನೇ ತಾರೀಖಿನ ಪುಟ ತೆಗೆದು, ಖಾನೆಯ ಮೇಲೆ ಬೆರಳಿಟ್ಟರು.

"ಇದಕ್ಕೇನು ಹೇಳ್ತೀಯ? ಅವತ್ತೂ ಏಳು ನಿಮಿಷ ನೋಡಿದೀಯ. ದೀಪ ಒಡೆಯೋದಾದ್ರೆ ಅವತ್ತೂ ಒಡೀಬೇಕಿತ್ತು. ಒಡೀಲಿಲ್ಲ. ಅಂದ್ರೆ ತಪ್ಪು ದೀಪದ್ದಲ್ಲ. ನಿನ್ನ ನಾಲ್ಕನೇ ಪಾಲಲ್ಲಿ ಏನೋ ಬೇರೆ ಗಲೀಜಾಗಿದೆ." ಅವರ ದನಿಗೆ ಜೀವ ಬಂತು. "ನಿನ್ನ ಪುಸ್ತಕವೇ ಹೇಳ್ತಿದೆ ನೋಡಮ್ಮ."

ಪುಟ್ಟಿಗೆ ಪಿತ್ತ ನೆತ್ತಿಗೇರಿತು. ಅವಳ ಒಂದು ಸುಳ್ಳು ಅವರ ಮೂವತ್ತೊಂದು ವರ್ಷದ ತಪ್ಪಿಗೆ ಊರುಗೋಲಾಗಿ ನಿಂತಿತ್ತು. ಅದನ್ನು ಅವಳೇ ಕಿತ್ತುಕೊಳ್ಳಬೇಕು, ಬೇರೆ ದಾರಿಯಿಲ್ಲ. ಕಿತ್ತರೆ ಅವರೂ ಬೀಳುತ್ತಾರೆ, ತಾನೂ ಬೀಳುತ್ತಾಳೆ. ಎಂಥ ಹಾಳು ಪುಸ್ತಕ, ಎಂಥ ಹಾಳು ಖಾನೆ!

"ಅವತ್ತು ನಾನು ನೋಡಿರ್ಲಿಲ್ಲ ಸರ್," ಎಂದಳು. "ಬಲ್ಬ್ ಸುಟ್ಟಿತ್ತು. ಸ್ಕೇಲಿಟ್ಟು ಕತ್ತರಿಸಿದೆ. ಏಳು ಅಂತ ಸುಳ್ಳು ಬರೆದೆ. ಸ್ಟೋರ್ಸಲ್ಲಿ ತಾರೀಖಿದೆ, ಬೇಕಾದ್ರೆ ಕೇಳಿ."

ಮೇಷ್ಟ್ರು ಬಹಳ ಹೊತ್ತು ಆ ಏಳನ್ನೇ ನೋಡಿದರು.

"ಸುಳ್ಳು ಬರೆದೋರನ್ನ ನಾನಿಲ್ಲಿ ಇಟ್ಕೊಳ್ಳಲ್ಲ ಅಂತ ಗೊತ್ತು ತಾನೆ?"

"ಗೊತ್ತು ಸರ್."

ಅವರು ಎದ್ದು ಗೋಡೆಯ ಕಬ್ಬಿಣದ ಬೀರು ತೆರೆದರು. ಬಿಡುಗಡೆ ಪತ್ರ ತೆಗೆಯುತ್ತಾರೆ ಎಂದು ಪುಟ್ಟಿ ಕೈಚೀಲವನ್ನು ಹತ್ತಿರ ಎಳೆದುಕೊಂಡಳು. ಆದರೆ ಮೇಷ್ಟ್ರು ತೆಗೆದದ್ದು ಹಾಳೆ ಹಳದಿಯಾದ ಒಂದು ಪುಸ್ತಕ, ಅವರ ವಿದ್ಯಾರ್ಥಿ ಕಾಲದ್ದು. ನಿಂತಲ್ಲೇ ಪುಟ ತಿರುವುತ್ತ ಗಟ್ಟಿಯಾಗಿ ಓದಿದರು. "ದೀಪದಡಿ ನೋಡಿದೆ, ಏಳು ನಿಮಿಷ. ದೀಪದಡಿ ನೋಡಿದೆ, ಏಳು. ಇಲ್ಲಿ ಎಂಟು. ಇಲ್ಲಿ ಏಳು." ಎಂಟು ಪುಟ, ಹತ್ತು ಪುಟ ಓದಿದರು. ಆಮೇಲೆ ಅದನ್ನು ಅವಳ ಪುಸ್ತಕದ ಪಕ್ಕ ಇಟ್ಟು, ಯಾರದ್ದೋ ಮೇಲೆ ದೂರು ಹೇಳುವವರಂತೆ, "ಒಂದು ಸುಳ್ಳೂ ಇಲ್ಲ ಕಣಮ್ಮ ಇದರಲ್ಲಿ. ಹುಡುಕಿ ನೋಡು. ಒಂದೇ ಒಂದು ಸುಳ್ಳು ಬರೆದಿಲ್ಲ ನಾನು" ಎಂದರು.

ಪುಟ್ಟಿ ವಾರವಿಡೀ ತಲೆಯಲ್ಲಿ ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ, ನನ್ನನ್ನು ಕಳ್ಳಿ ಅಂದಿರಲ್ಲ, ನನ್ನ ಕೈ ಒರಟು ಅಂದಿರಲ್ಲ, ಯಾವುದೂ ನಾಲಿಗೆಗೆ ಬರಲಿಲ್ಲ. ಗೆದ್ದ ಸಂತೋಷವನ್ನಾದರೂ ಈ ಮನುಷ್ಯ ನೆಟ್ಟಗೆ ಕೊಡಬಾರದೇ ಎಂದು ಸಿಟ್ಟೂ ಬಂತು, ಅದರ ಹಿಂದೆಯೇ ಅಳುವೂ ಬಂತು.

"ನಾನು ಹೋಗ್ಲಾ ಸರ್?"

"ಹೋದ್ರೆ ಇದನ್ನ ಬರೆಯೋರು ಯಾರು? ನಾನಾ?" ಮೇಷ್ಟ್ರು ರೇಗಿದರು. ರೇಗಿದ ದನಿ ಅರ್ಧಕ್ಕೇ ಇಳಿಯಿತು. "ಕೂತ್ಕೋ. ಅಧ್ಯಾಯ ಇರ್ಲಿ. ಬಲ್ಬ್ ಸುಟ್ಟಿತ್ತು, ನೋಡ್ದೇ ನೋಡಿದೆ ಅಂತ ಬರೆದಿದ್ದೆ, ಅದನ್ನ ಹಾಗೇ ಬರಿ. ಮುಚ್ಚಬೇಡ."

ಪುಟ್ಟಿ ಕೂತು ಪೆನ್ನು ತೆಗೆದಳು. ಬರೆದಳು. ತನ್ನ ಸುಳ್ಳನ್ನು ಬರೆಯಲು ಎರಡೇ ಸಾಲು ಸಾಕಾಯಿತು. ಮುಂದಿನ ಸಾಲಿಗೆ ಬಂದು ಪೆನ್ನು ನಿಂತಿತು.

"ಸರ್, ಹಳೇ ಲೇಖನಗಳಲ್ಲೆಲ್ಲ ಮೆಟ್ಟಿಲು ಯಾಕೆ ಬಂತು ಅಂತ ಪರೀಕ್ಷಕರು ಕೇಳ್ತಾರೆ. ಏನು ಬರೀಲಿ?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಮೇಷ್ಟ್ರು ತುಂಬ ಚೆನ್ನಾಗಿ ನೋಡ್ತಿದ್ರು ಅಂತ ಬರಿ," ಎಂದರು.